ಫುಡ್ ಕೆಮಿಸ್ಟ್ರಿ ಓದುವುದು ಹೇಗೆ: ಬೂದಿ, ಜಿಡ್ಡು, ನೀರು ಮತ್ತು ಒಂದಿಷ್ಟು ಅನುಮಾನ

ಫುಡ್ ಕೆಮಿಸ್ಟ್ರಿ ಓದ್ತೀನಿ ಅಂದರೆ ನೆಂಟರು ಕೇಳುವ ಮೊದಲ ಪ್ರಶ್ನೆ "ಓ, ಹೋಟೆಲ್ ಮ್ಯಾನೇಜ್‌ಮೆಂಟಾ?" ಎರಡನೆಯದು "ಹಾಗಾದ್ರೆ ಅಡುಗೆಗೆ ಯಾವ ಎಣ್ಣೆ ಒಳ್ಳೇದು ಹೇಳು." ಎರಡಕ್ಕೂ ಉತ್ತರ ಕೊಡದೆ ಕಾಫಿ ಕುಡಿದು ಎದ್ದು ಬರುವುದನ್ನು ಮೊದಲು ಕಲಿಯಿರಿ. ಮುಂದೆ ತುಂಬಾ ಉಪಯೋಗಕ್ಕೆ ಬರುತ್ತದೆ.

ನಾನು ಸಾದಾ ಬಿಎಸ್‌ಸಿ ಕೆಮಿಸ್ಟ್ರಿ ಮಾಡಿ, ಆಮೇಲೆ ಎಂಎಸ್‌ಸಿಗೆ ಆಹಾರದ ಕಡೆ ತಿರುಗಿದವನು. ಈಗ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಮೆಣಸಿನಪುಡಿ, ಎಣ್ಣೆ, ಬಿಸ್ಕತ್ತು ಪರೀಕ್ಷೆ ಮಾಡುತ್ತಾ ಕೂತಿರುತ್ತೇನೆ. ಪ್ರತಿ ವರ್ಷ ಹೊಸಬರು ಇಂಟರ್ನ್‌ಶಿಪ್‌ಗೆ ಬಂದಾಗ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಯಾವ ಕೋರ್ಸು?

ನಮ್ಮ ಕಡೆ "ಫುಡ್ ಕೆಮಿಸ್ಟ್ರಿ" ಅಂತಲೇ ಬೋರ್ಡು ಹಾಕಿಕೊಂಡ ಡಿಗ್ರಿ ಅಪರೂಪ. ಬೇರೆ ಬೇರೆ ಹೆಸರಿನ ಕೋರ್ಸುಗಳ ಒಳಗೆ ಅದು ಅಡಗಿ ಕೂತಿರುತ್ತದೆ. ಫುಡ್ ಟೆಕ್ನಾಲಜಿ ಅಂದರೆ ಯಂತ್ರ, ಉಷ್ಣ, ಒಣಗಿಸುವುದು, ಪ್ಯಾಕ್ ಮಾಡುವುದು, ಒಟ್ಟಿನಲ್ಲಿ ಎಂಜಿನಿಯರಿಂಗ್ ಜಾಸ್ತಿ. ಫುಡ್ ಸೈನ್ಸ್ ಅಂಡ್ ನ್ಯೂಟ್ರಿಷನ್ ಅಂದರೆ ತಿಂದ ಮೇಲೆ ಮೈಯಲ್ಲಿ ಏನಾಗುತ್ತದೆ ಅನ್ನುವ ಕಡೆ ವಾಲಿರುತ್ತದೆ. ಡೈರಿ ಟೆಕ್ನಾಲಜಿಯಲ್ಲಿ ಡೈರಿ ಕೆಮಿಸ್ಟ್ರಿ ಅಂತ ಒಂದು ಗಟ್ಟಿ ಭಾಗ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಸಿಲಬಸ್ ತೆಗೆದು ಕೆಮಿಸ್ಟ್ರಿ ಪೇಪರು ಎಷ್ಟಿವೆ, ಪ್ರಾಕ್ಟಿಕಲ್‌ಗೆ ವಾರಕ್ಕೆ ಎಷ್ಟು ಗಂಟೆ ಕೊಟ್ಟಿದ್ದಾರೆ ಅಂತ ಎಣಿಸಿ.

ಪಿಯುಸಿ ಆದಮೇಲೆ ನೇರ ಹೋಗುವವರಿಗೆ ಕೆಸಿಇಟಿ ಮೂಲಕ ಕೃಷಿ ವಿಶ್ವವಿದ್ಯಾಲಯಗಳ ಬಿಟೆಕ್ ಇದೆ, ಬೆಂಗಳೂರಿನ ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜು ಇದೆ. ಅಪ್ಪ ಅಮ್ಮ ಬೇಸಾಯ ಮಾಡುವವರಾದರೆ ರೈತರ ಮಕ್ಕಳ ಕೋಟಾ ಮರೆಯಬೇಡಿ. ಅದಕ್ಕೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ, ಕಾಳು ಕಡ್ಡಿ ಗುರುತಿಸಬೇಕಾಗುತ್ತದೆ. ಜೆಇಇ ಬರೆದವರು ಹರಿಯಾಣದ ಕುಂಡ್ಲಿ ಮತ್ತು ತಮಿಳುನಾಡಿನ ತಂಜಾವೂರಿನಲ್ಲಿರುವ, ಕೇಂದ್ರ ಸರ್ಕಾರದ ಫುಡ್ ಟೆಕ್ನಾಲಜಿ ಸಂಸ್ಥೆ ನಿಫ್ಟೆಮ್ ನೋಡಬಹುದು. ಬಿಎಸ್‌ಸಿ ಆದಮೇಲೆ ಬರುವವರಿಗೆ ಮೈಸೂರೇ ಊರು. ಮಾನಸಗಂಗೋತ್ರಿಯಲ್ಲಿ ಫುಡ್ ಸೈನ್ಸ್ ವಿಭಾಗ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಚೆಲುವಾಂಬ ಅರಮನೆಯಲ್ಲಿ, 1950ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನಪುಡಿ ಮಾಡುವ ದಾರಿ ಹುಡುಕಿದ್ದು ಅಲ್ಲೇ. ಅಲ್ಲಿನ ಎಂಎಸ್‌ಸಿ ಫುಡ್ ಟೆಕ್ನಾಲಜಿ ಹಳೆಯ ಕೋರ್ಸು, ಸೀಟು ಕಮ್ಮಿ, ಪೈಪೋಟಿ ಜಾಸ್ತಿ. ಸೈನಿಕರ ಊಟದ ಸಂಶೋಧನೆ ಮಾಡುವ ಡಿಎಫ್‌ಆರ್‌ಎಲ್ ಕೂಡ ಇದೇ ಊರಲ್ಲಿದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೊರಟಾಗ ಊಟ ಕಟ್ಟಿಕೊಟ್ಟವರು ಅವರೇ. ಅರ್ಹತೆಯ ನಿಯಮಗಳು ಆಗಾಗ ಬದಲಾಗುತ್ತವೆ. ಪಿಯುಸಿಯಲ್ಲಿ ಗಣಿತ ಇರಬೇಕಾ ಬೇಡವಾ ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿ, ಸೀನಿಯರ್ ಮಾತು ನಂಬಬೇಡಿ.

ನನ್ನ ಅಭಿಪ್ರಾಯ ಕೇಳಿದರೆ: ನಿಮಗೆ ಕೆಮಿಸ್ಟ್ರಿಯೇ ಇಷ್ಟ ಅನ್ನುವುದಾದರೆ ಮೊದಲು ಬಿಎಸ್‌ಸಿ ಕೆಮಿಸ್ಟ್ರಿ, ಜೊತೆಗೆ ಬಯೋಕೆಮಿಸ್ಟ್ರಿಯೋ ಮೈಕ್ರೋಬಯಾಲಜಿಯೋ ತಗೊಂಡು, ಆಮೇಲೆ ಈ ಕಡೆ ಬನ್ನಿ. ಆಹಾರವನ್ನು ಆಮೇಲೆ ಕಲಿಯಬಹುದು. ಟೈಟ್ರೇಶನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯುವುದು) ಮಾಡುವ ಕೈ ಮಾತ್ರ ಮೂರು ವರ್ಷ ದಿನಾ ಬ್ಯೂರೆಟ್ ಹಿಡಿದರೇ ಬರುವುದು.

ಓದುವಾಗ ಎಲ್ಲಿ ಒತ್ತು ಕೊಡಬೇಕು

ಸಿಲಬಸ್ಸಿನಲ್ಲಿ ನೀರು, ಪಿಷ್ಟ, ಪ್ರೋಟೀನು, ಕೊಬ್ಬು, ಕಿಣ್ವ, ಬಣ್ಣ, ವಿಟಮಿನ್ ಅಂತ ಅಧ್ಯಾಯಗಳು ಸಾಲಾಗಿ ಇರುತ್ತವೆ. ಎಲ್ಲರೂ ನೀರಿನ ಅಧ್ಯಾಯ ಹಾರಿಸುತ್ತಾರೆ, ನೀರಲ್ಲಿ ಓದೋಕೆ ಏನಿದೆ ಅಂತ. ನಾನೂ ಹಾರಿಸಿದ್ದೆ. ಆದರೆ ಇಡೀ ವಿಷಯದ ಬೇರು ಅಲ್ಲಿದೆ. ಜಾಮ್‌ನಲ್ಲಿ ನೂರಕ್ಕೆ ಮೂವತ್ತರಷ್ಟು ನೀರಿರುತ್ತದೆ, ಬ್ರೆಡ್‌ನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬ್ರೆಡ್ಡಿಗೆ ನಾಲ್ಕು ದಿನಕ್ಕೆ ಬೂಷ್ಟು, ಜಾಮ್ ತಿಂಗಳುಗಟ್ಟಲೆ ಹಾಗೇ. ಯಾಕೆ? ಜಾಮ್‌ನ ನೀರನ್ನು ಸಕ್ಕರೆ ಹಿಡಿದು ಕೂರಿಸಿಕೊಂಡಿದೆ, ಬೂಷ್ಟಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಹೀಗೆ "ಸಿಗುವ ನೀರು" ಎಷ್ಟು ಅನ್ನುವ ಅಳತೆಯೇ ವಾಟರ್ ಆಕ್ಟಿವಿಟಿ. ಶುದ್ಧ ನೀರಿಗೆ 1 ಅಂದರೆ, 0.6ಕ್ಕಿಂತ ಕೆಳಗಿಳಿದ ತಿಂಡಿಯಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಅಜ್ಜಿ ಹಪ್ಪಳ ಒಣಗಿಸಿದ್ದು, ಉಪ್ಪಿನಕಾಯಿಗೆ ಕೈ ಬಿಟ್ಟು ಉಪ್ಪು ಸುರಿದದ್ದು ಎಲ್ಲ ಈ ಒಂದು ನಂಬರ್ ಇಳಿಸುವುದಕ್ಕೇ.

ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ಹೆದರುವವರಿಗೆ ಒಂದು ಸಮಾಧಾನ. ಇಲ್ಲಿ ನೂರಾರು ನೇಮ್ಡ್ ರಿಯಾಕ್ಷನ್ ಬೇಕಿಲ್ಲ. ಕಾರ್ಬೊನೈಲ್ ಮತ್ತು ಅಮೈನ್ ಸೇರಿದರೆ ಏನಾಗುತ್ತದೆ, ಎಸ್ಟರ್ ಹೇಗೆ ಒಡೆಯುತ್ತದೆ, ಡಬಲ್ ಬಾಂಡ್ ಪಕ್ಕದ ಹೈಡ್ರೋಜನ್ ಯಾಕೆ ಬೇಗ ಕಿತ್ತು ಬರುತ್ತದೆ, ಈ ಮೂರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುವ ಹಾಗೆ ಮಾಡಿಕೊಳ್ಳಿ. ಮೊದಲನೆಯದು ಮೈಯಾರ್ಡ್ ರಿಯಾಕ್ಷನ್, 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ಡ್ ವಿವರಿಸಿದ್ದು. ಚಪಾತಿ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿಬೀಜದ ಘಮ, ಹಾಲು ಕಾಯಿಸಿ ಕಾಯಿಸಿ ಬರುವ ಖೋವಾದ ಬಣ್ಣ ಎಲ್ಲ ಇದೇ. 2002ರಲ್ಲಿ ಸ್ವೀಡನ್ನಿನವರು ಚಿಪ್ಸ್‌ನಲ್ಲಿ ಅಕ್ರಿಲಮೈಡ್ ಅನ್ನುವ ಹಾನಿಕರ ವಸ್ತು ಇದೆ ಅಂತ ಹೇಳಿ ಗಲಾಟೆ ಎದ್ದಿತಲ್ಲ, ಅದೂ ಇದೇ ಮನೆಯ ಕೂಸು. ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಒಡೆದು ಸಕ್ಕರೆ ಸೇರುತ್ತದೆ, ಅದನ್ನು ಕರಿದರೆ ಚಿಪ್ಸ್ ಕಪ್ಪಗಾಗುತ್ತದೆ, ಅಕ್ರಿಲಮೈಡೂ ಜಾಸ್ತಿ ಆಗುತ್ತದೆ. ಎರಡನೆಯದು ಹಳೆ ಕೊಬ್ಬರಿ ಎಣ್ಣೆಯ ಸೋಪಿನಂಥ ರುಚಿ. ಮೂರನೆಯದು ಕುಸುಬೆ ಎಣ್ಣೆ ಬೇಗ ಮುಗ್ಗಲು ಹಿಡಿಯುವ ಕಥೆ.

ಪಿಷ್ಟಕ್ಕೆ ಪುಸ್ತಕಕ್ಕಿಂತ ರಾಗಿಮುದ್ದೆ ಒಳ್ಳೆಯ ಮೇಷ್ಟ್ರು. ಗೋಧಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿದರೂ ನಾದಬಹುದು, ಅದರಲ್ಲಿ ಗ್ಲೂಟನ್ ಇದೆ. ರಾಗಿಯಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ನೀರಿಗೆ ಹಿಟ್ಟು ಹಾಕಿ, ಪಿಷ್ಟ ಉಬ್ಬಿ ಅಂಟಾಗುವ ತನಕ ಬೇಯಿಸಿ ತೊಳಸಬೇಕು. ಜಿಲಾಟಿನೈಸೇಶನ್ ಅಂತ ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದು ರೆಟ್ರೋಗ್ರೆಡೇಶನ್. ಸಾಲಾಗಿ ಜೋಡಿಕೊಂಡ ಪಿಷ್ಟದ ಸರಗಳು ನೀರನ್ನು ಹೊರಗೆ ತಳ್ಳಿವೆ. ಈ ಎರಡು ಪದಗಳನ್ನು ಬಾಯಿಪಾಠ ಮಾಡಿ ಮಾರನೇ ದಿನ ಮರೆತವರು ನನ್ನ ಕ್ಲಾಸಿನಲ್ಲಿ ಅರ್ಧ ಜನ ಇದ್ದರು, ಎಲ್ಲರೂ ಹಾಸ್ಟೆಲಿನಲ್ಲಿ ವಾರಕ್ಕೆರಡು ಸಲ ಮುದ್ದೆ ತಿನ್ನುವವರೇ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಮೊದಲ ಸೆಮಿಸ್ಟರಿನಲ್ಲಿ ತಲೆ ಚಿಟ್ಟು ಹಿಡಿಯುತ್ತದೆ, ಅದು ಎಲ್ಲರಿಗೂ. ನಾನು ಮಾಡಿದ್ದು ಹೀಗೆ: ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಕ್ಲಾಸಿನ ಇಂಗ್ಲಿಷ್ ನೋಟ್ಸು, ಬಲಗಡೆ ಅದನ್ನೇ ಅಮ್ಮನಿಗೆ ಹೇಳಿದರೆ ಹೇಗೆ ಹೇಳ್ತೀನೋ ಹಾಗೆ ಕನ್ನಡದಲ್ಲಿ. ಬಲಗಡೆ ಖಾಲಿ ಉಳಿದರೆ ನನಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಇಂಗ್ಲಿಷ್ ಮೀಡಿಯಂನವರು ಎಷ್ಟೋ ಜನ ಎಡಗಡೆ ಪುಟದಲ್ಲೇ ಡಿಗ್ರಿ ಮುಗಿಸುತ್ತಾರೆ.

ಲ್ಯಾಬಿನಲ್ಲಿ

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವ ತಿಂಡಿ ಬಂದರೂ ಮೊದಲು ಮಾಡಿಸುವುದು ಐದು ಪರೀಕ್ಷೆ: ತೇವ, ಬೂದಿ, ಕೊಬ್ಬು, ಪ್ರೋಟೀನು, ನಾರು. ಪ್ರಾಕ್ಸಿಮೇಟ್ ಅನಾಲಿಸಿಸ್ ಅಂತ ಹೆಸರು. ಕಾರ್ಬೋಹೈಡ್ರೇಟು? ಅದನ್ನು ಬಹಳ ಸಲ ಅಳೆಯುವುದೇ ಇಲ್ಲ, ನೂರರಲ್ಲಿ ಉಳಿದವನ್ನೆಲ್ಲ ಕಳೆದು ಬಂದದ್ದನ್ನು ಬರೆಯುತ್ತಾರೆ. ಅಂದರೆ ಉಳಿದ ಪರೀಕ್ಷೆಗಳಲ್ಲಿ ನೀವು ಮಾಡಿದ ತಪ್ಪೆಲ್ಲ ಅದರ ಹೊಟ್ಟೆಯಲ್ಲಿ ಸೇರಿರುತ್ತದೆ. ಪ್ಯಾಕೆಟ್ಟಿನ ಹಿಂದೆ ಅಚ್ಚಾಗಿರುವ ಆ ಅಂಕಿಯನ್ನು ಇನ್ಮುಂದೆ ಬೇರೆ ಕಣ್ಣಿಂದ ನೋಡ್ತೀರಿ.

ಬೂದಿಯಿಂದ ಶುರು ಮಾಡೋಣ, ನನ್ನ ಮಾನ ಹೋದದ್ದು ಅಲ್ಲೇ. ಸ್ಯಾಂಪಲ್ಲನ್ನು ಕ್ರೂಸಿಬಲ್ಲಿಗೆ (ಬಿಸಿ ತಡೆಯುವ ಪುಟ್ಟ ಪಿಂಗಾಣಿ ಬಟ್ಟಲು) ಹಾಕಿ ಮಫಲ್ ಫರ್ನೇಸ್ ಅನ್ನುವ ಕುಲುಮೆಯಲ್ಲಿ ಸುಮಾರು 550 ಡಿಗ್ರಿಯಲ್ಲಿ ಸುಟ್ಟರೆ ಖನಿಜಾಂಶ ಮಾತ್ರ ಬೂದಿಯಾಗಿ ಉಳಿಯುತ್ತದೆ. ನಾನು ಹನ್ನೆರಡು ಕ್ರೂಸಿಬಲ್ಲಿಗೆ ಮಾರ್ಕರ್ ಪೆನ್ನಿನಲ್ಲಿ ಚೆಂದವಾಗಿ ನಂಬರ್ ಬರೆದು ಒಳಗಿಟ್ಟು ಊಟಕ್ಕೆ ಹೋದೆ. ಸಾಯಂಕಾಲ ಬಾಗಿಲು ತೆಗೆದರೆ ಹನ್ನೆರಡೂ ಅವಳಿಜವಳಿ, ಬೆಳ್ಳಗೆ, ನಂಬರೇ ಇಲ್ಲ. ಮಾರ್ಕರಿನ ಇಂಕು ಸುಡುತ್ತದೆ ಅಂತ ಎಂಎಸ್‌ಸಿ ಓದುವವನಿಗೆ ಹೊಳೆಯಲಿಲ್ಲ ನೋಡಿ. ಫೆರಿಕ್ ಕ್ಲೋರೈಡ್ ದ್ರಾವಣವನ್ನು ಕಡ್ಡಿಯಲ್ಲಿ ಅದ್ದಿ ಬರೆಯಿರಿ, ಸುಟ್ಟ ಮೇಲೆ ಕೆಂಪು ತುಕ್ಕಿನ ಬಣ್ಣವಾಗಿ ಕೂತುಬಿಡುತ್ತದೆ. ಇನ್ನೊಂದು: ಬಿಸಿ ಕ್ರೂಸಿಬಲ್ಲನ್ನು ತಕ್ಕಡಿಗೆ ಇಡಬೇಡಿ. ಸುತ್ತಲ ಗಾಳಿ ಬಿಸಿಯಾಗಿ ಮೇಲೇರುತ್ತಾ ಅದನ್ನೂ ಚೂರು ಎತ್ತುತ್ತದೆ, ತೂಕ ಕಮ್ಮಿ ತೋರಿಸುತ್ತದೆ. ಒಳಗೆ ತೇವ ಸೇರದ ಗಾಜಿನ ಪಾತ್ರೆ, ಅಂದರೆ ಡೆಸಿಕೇಟರಿನಲ್ಲಿ ತಣಿಸಿ, ಆಮೇಲೆ ತೂಗಿ.

ತೇವ ಅಂದರೆ ಸುಲಭ ಅನ್ನಿಸುತ್ತದೆ. ಓವನ್ನಿನಲ್ಲಿ 105 ಡಿಗ್ರಿಗೆ ಒಣಗಿಸು, ತೂಕ ಎಷ್ಟು ಇಳಿಯಿತೋ ಅಷ್ಟು ನೀರು. ಅಕ್ಕಿಹಿಟ್ಟಿಗೆ ಸರಿ. ಏಲಕ್ಕಿಗೆ ಇದನ್ನೇ ಮಾಡಿದರೆ? ಲ್ಯಾಬೆಲ್ಲ ಘಮ ಅನ್ನುತ್ತದೆ, ಅಲ್ವಾ? ಆ ಘಮ ಅಂದರೆ ಹಾರಿಹೋಗುತ್ತಿರುವ ಎಣ್ಣೆ, ಅದೂ ನೀರಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಅದಕ್ಕೇ ಮಸಾಲೆ ಪದಾರ್ಥಗಳನ್ನು ನೀರಿನ ಜೊತೆ ಬೆರೆಯದ ಟಾಲ್ವೀನ್ ಅನ್ನುವ ದ್ರವದ ಜೊತೆ ಕುದಿಸಿ, ಆವಿಯಾಗಿ ಬಂದ ನೀರನ್ನು ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ಹಿಡಿದು ಅಳೆಯುತ್ತಾರೆ. ಎಣ್ಣೆ ಟಾಲ್ವೀನಿನ ಜೊತೆಗೇ ಉಳಿಯುತ್ತದೆ, ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಕೊಬ್ಬೂ ಹಾಗೇ. 1879ರ ಸಾಕ್ಸ್‌ಲೆಟ್ ಉಪಕರಣ ಇವತ್ತಿಗೂ ಪ್ರತಿ ಕಾಲೇಜಿನಲ್ಲೂ ಇದೆ. ಈಥರ್ ಹರಿಸಿ ಹರಿಸಿ ಜಿಡ್ಡು ತೆಗೆಯುವುದು. ಆದರೆ ಈಥರಿನಲ್ಲಿ ಕರಗುವುದೆಲ್ಲ ಕೊಬ್ಬಲ್ಲ, ಮೆಣಸಿನಕಾಯಿಯ ಕೆಂಪು ಬಣ್ಣವೂ ಇಳಿದು ಬರುತ್ತದೆ. ಕೊಬ್ಬೆಲ್ಲ ಈಥರಿಗೆ ಸಿಗುವುದೂ ಇಲ್ಲ. ಹಾಲಿನ ಕೊಬ್ಬಿನ ಹನಿಗಳಿಗೆ ಪ್ರೋಟೀನಿನ ಹೊದಿಕೆ ಇರುತ್ತದೆ, ಮೊದಲು ಅದನ್ನು ಒಡೆಯಬೇಕು. ಗರ್ಬರ್ ವಿಧಾನದಲ್ಲಿ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಹಾಕುವುದು ಅದಕ್ಕೇ. ಊರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುತ್ತಾರಲ್ಲ, ಈಗಿನ ಯಂತ್ರಗಳು ಬರುವ ಮುಂಚೆ ಆ ಫ್ಯಾಟ್ ನೋಡುತ್ತಿದ್ದದ್ದು ಹೀಗೇ.

ಇನ್ನು ಪ್ರೋಟೀನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ಅನ್ನುವವನು ಒಂದು ವಿಧಾನ ಮಾಡಿದ. ಸ್ಯಾಂಪಲ್ಲನ್ನು ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಕುದಿಸಿದರೆ ಅದರ ನೈಟ್ರೋಜನ್ ಅಮೋನಿಯಂ ಸಲ್ಫೇಟ್ ಆಗುತ್ತದೆ. ಕ್ಷಾರ ಹಾಕಿ ಅಮೋನಿಯಾವನ್ನು ಬಿಡಿಸಿ, ಹಿಡಿದು, ಟೈಟ್ರೇಟ್ ಮಾಡುವುದು. (ಕ್ಷಾರ ಹಾಕುವ ಮುಂಚೆ ಫ್ಲಾಸ್ಕ್ ತಣಿಯಬೇಕು, ನೀರು ಸೇರಿಸಿ ತೆಳುವೂ ಆಗಿರಬೇಕು. ಅವಸರ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ, ಇದು ತಮಾಷೆಯಲ್ಲ.) ಪ್ರೋಟೀನಿನಲ್ಲಿ ನೂರಕ್ಕೆ ಹದಿನಾರು ಪಾಲು ನೈಟ್ರೋಜನ್ ಅಂತ ಇಟ್ಟುಕೊಂಡು 6.25ರಿಂದ ಗುಣಿಸುತ್ತಾರೆ. ಗೋಧಿಗೆ 5.7, ಹಾಲಿಗೆ 6.38. ವೈವಾದಲ್ಲಿ ಈ ಮೂರು ಅಂಕಿ ಕೇಳದ ಎಕ್ಸಾಮಿನರ್ ನಾನು ನೋಡಿಲ್ಲ.

ಗಮನಿಸಿದಿರಾ? ಪ್ರೋಟೀನನ್ನು ನಾವು ಎಲ್ಲಿಯೂ ಅಳೆಯಲಿಲ್ಲ. ಅಳೆದದ್ದು ನೈಟ್ರೋಜನ್. 2008ರಲ್ಲಿ ಚೀನಾದಲ್ಲಿ ಆದದ್ದು ಇದೇ ಸಂದಿಯಲ್ಲಿ. ಹಾಲಿಗೆ ನೀರು ಬೆರೆಸಿದರು, ಪ್ರೋಟೀನ್ ಅಂಕಿ ಇಳಿಯಿತು, ಅದನ್ನು ಮೇಲೆತ್ತಲು ಮೆಲಮಿನ್ ಹಾಕಿದರು. ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವ ವಸ್ತು ಅದು, ಅದರ ತೂಕದ ಮೂರರಲ್ಲಿ ಎರಡು ಪಾಲು ನೈಟ್ರೋಜನ್. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಹಾಲಿನಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಯಿತು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ 6 ಮಕ್ಕಳು ಸತ್ತರು. ಲ್ಯಾಬಿನವರು ಲೆಕ್ಕದಲ್ಲಿ ತಪ್ಪೇನೂ ಮಾಡಿರಲಿಲ್ಲ, ನೈಟ್ರೋಜನ್ ಅಷ್ಟು ಇದ್ದದ್ದು ನಿಜವೇ. ಈ ಕಥೆ ಓದಿದ ದಿನ ನಾನು ರೆಕಾರ್ಡ್ ಬುಕ್ಕಿನಲ್ಲಿ ಪ್ರತಿ ಪ್ರಯೋಗದ ಕೆಳಗೆ ಒಂದು ಸಾಲು ಸೇರಿಸಲು ಶುರು ಮಾಡಿದೆ: "ನಿಜಕ್ಕೂ ಅಳೆದದ್ದು ಏನು?" ನೀವೂ ಮಾಡಿ. ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ಉದಾಹರಣೆಗೆ ಎಣ್ಣೆಯ ಪೆರಾಕ್ಸೈಡ್ ವ್ಯಾಲ್ಯೂ, ಅಂದರೆ ಎಣ್ಣೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ಹುಟ್ಟುವ ಪೆರಾಕ್ಸೈಡ್ ಎಷ್ಟಿದೆ ಅನ್ನುವ ಅಳತೆ. ಕಮ್ಮಿ ಇದ್ದರೆ ಎಣ್ಣೆ ತಾಜಾ ಅಂತ ಬರೆದುಬಿಡುತ್ತಾರೆ. ಆದರೆ ಎಣ್ಣೆ ಹಾಳಾಗುತ್ತಾ ಹೋದ ಹಾಗೆ ಪೆರಾಕ್ಸೈಡ್ ಮೊದಲು ಏರುತ್ತದೆ, ಆಮೇಲೆ ಅದೂ ಒಡೆದು ಇಳಿಯುತ್ತದೆ. ಹಾಗಾಗಿ ಕಮ್ಮಿ ಅಂಕಿ ಅಂದರೆ ತುಂಬಾ ತಾಜಾ ಇರಬಹುದು, ತುಂಬಾ ಹಳಸಿದ್ದೂ ಇರಬಹುದು. ಒಂದು ಸಲ ಮೂಸಿ ನೋಡಿದರೆ ಗೊತ್ತಾಗುತ್ತದೆ. ಮೂಗು ಕೂಡ ಉಪಕರಣವೇ.

ಟೈಟ್ರೇಶನ್ನಿಗೆ ಒಂದು ಕಿವಿಮಾತು. ಕಾಲೇಜಿನಲ್ಲಿ ನೀರಿನಂಥ ಆಸಿಡ್ಡು, ಬಣ್ಣ ಬದಲಿಸಿ ಸೂಚನೆ ಕೊಡುವ ಫೀನಾಲ್ಫ್ತಲೀನ್ ಹಾಕಿದರೆ ತಿಳಿಗುಲಾಬಿ ಚೆಂದ ಕಾಣುತ್ತದೆ. ಇಲ್ಲಿ ನಿಮ್ಮ ಮುಂದೆ ಇರುವುದು ಹುಣಸೆರಸ. ಅದರ ಕಂದು ಬಣ್ಣದಲ್ಲಿ ಗುಲಾಬಿ ಎಲ್ಲಿ ಹುಡುಕ್ತೀರಾ? ತೆಳು ಮಾಡಿ, ಇಲ್ಲವೇ ಪಿಎಚ್ ಮೀಟರ್ ಇಟ್ಟು 8.1ರ ಹತ್ತಿರ ನಿಲ್ಲಿಸಿ.

ರಜೆಯಲ್ಲಿ

ಕ್ಲಾಸು ಶುರುವಾಗುವ ಮುಂಚೆ ಮನೆಯಲ್ಲಿ ಆಟ ಆಡಿಕೊಂಡಿರಿ. ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪಾಗುವುದನ್ನು ನೋಡಿ, ಆಮೇಲೆ ನಿಂಬೆರಸ ಹಿಂಡಿ ಮತ್ತೆ ಹಳದಿ ಮಾಡಿ. ಹೆಚ್ಚಿದ ಬದನೆಕಾಯಿಯ ಒಂದು ಹೋಳು ಗಾಳಿಗೆ, ಒಂದು ಉಪ್ಪುನೀರಿಗೆ, ಒಂದು ಕುದಿನೀರಲ್ಲಿ ಅದ್ದಿ ತೆಗೆದು ಇಡಿ. ಯಾವುದು ಯಾಕೆ ಕಪ್ಪಾಗಲಿಲ್ಲ ಅಂತ ಬರೆಯಿರಿ. ಇಡ್ಲಿ ಹಿಟ್ಟು ಸಿಕ್ಕರೆ ಗಂಟೆಗೊಂದು ಸಲ ಪಿಎಚ್ ಪೇಪರ್ ಅದ್ದಿ, ಎತ್ತರವನ್ನೂ ಗುರುತು ಮಾಡಿ. ಒಂದೇ ಸಲ ಮಾಡಿ ಬಿಡಬೇಡಿ, ಮೂರು ಸಲ ಮಾಡಿ. ಮೂರು ಸಲವೂ ಬೇರೆ ಬೇರೆ ಬರುತ್ತದೆ. ಅಲ್ಲಿಂದ ಸ್ಟ್ಯಾಟಿಸ್ಟಿಕ್ಸ್ ಶುರು. ಅದೂ ಸಿಲಬಸ್ಸಿನಲ್ಲಿದೆ, ತಪ್ಪಿಸಿಕೊಳ್ಳೋಕಾಗಲ್ಲ.

ಮುಂದೆ ಓದುವವರಿಗೆ: ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪೇಪರಿನಲ್ಲಿ ಕೆಮಿಸ್ಟ್ರಿ ಕಡ್ಡಾಯ, ಜೊತೆಗೆ ಫುಡ್ ಟೆಕ್ನಾಲಜಿ ಮತ್ತು ಬಯೋಕೆಮಿಸ್ಟ್ರಿ ಆರಿಸಿಕೊಳ್ಳಬಹುದು. ನಮ್ಮಂಥವರಿಗೆ ಹೊಲಿದ ಅಂಗಿ ಅದು. ಕೆಲಸ ಅಂದರೆ ಮೊದಲು ಸಿಗುವುದು ಬಹುತೇಕ ಕ್ವಾಲಿಟಿ ಕಂಟ್ರೋಲ್, ಅದೂ ಶಿಫ್ಟಿನಲ್ಲಿ. ಬಿಳಿ ಕೋಟು ಹಾಕಿಕೊಂಡು ಹೊಸ ಚಾಕಲೇಟು ಕಂಡುಹಿಡಿಯುವ ಕನಸಿದ್ದರೆ ಸ್ವಲ್ಪ ಮುಂದಕ್ಕೆ ಹಾಕಿ.

ಇಂಟರ್ನ್‌ಶಿಪ್‌ಗೆ ದೊಡ್ಡ ಹೆಸರಿನ ಹಿಂದೆ ಓಡಬೇಡಿ. ದೊಡ್ಡ ಕಡೆ ಎಚ್‌ಪಿಎಲ್‌ಸಿ (ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರವನ್ನು ಗಾಜಿನ ಆಚೆಯಿಂದ ತೋರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಸಣ್ಣ ಎಣ್ಣೆ ಮಿಲ್ಲು, ಮಸಾಲೆ ಫ್ಯಾಕ್ಟರಿ, ತಾಲ್ಲೂಕಿನ ಡೈರಿ ಸಿಕ್ಕರೆ ಹೋಗಿ. ಹೋದ ದಿನವೇ ಕೇಳಿ: "ಸ್ಯಾಂಪಲ್ ಹೇಗೆ ತೆಗೀತೀರಾ?" ಹತ್ತು ಟನ್ ಮೆಣಸಿನಕಾಯಿಯ ಹಣೆಬರಹವನ್ನು ನೀವು ಎರಡು ಗ್ರಾಂ ಪುಡಿಯಲ್ಲಿ ಬರೆಯುತ್ತೀರಿ. ಆ ಎರಡು ಗ್ರಾಂ ಮೇಲಿನ ಚೀಲದ್ದೇ ಆಗಿದ್ದರೆ ಕೋಟಿ ರೂಪಾಯಿ ಯಂತ್ರ ಇದ್ದರೂ ಏನು ಬಂತು? ಗೋದಾಮಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಯಾವ ಮೂಲೆಯ ಚೀಲಕ್ಕೆ ನೀರು ಚಿಮುಕಿಸಿ ತೂಕ ಏರಿಸಿರುತ್ತಾರೆ, ಯಾವುದರ ಅಡಿಯಲ್ಲಿ ಹಳೆ ಮಾಲು ತುಂಬಿರುತ್ತಾರೆ ಅಂತ ಅವರಿಗೆ ಗೊತ್ತು. ಅಣ್ಣಾ ಅಂತ ಕರೆದು ಪಕ್ಕದಲ್ಲಿ ನಿಂತು ನೋಡಿ. ಅವರು ಗುಡ್ಡೆ ಹಾಕಿ, ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಮಾಡುವುದನ್ನು ಕಲಿತುಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ ಅಂತ ಪುಸ್ತಕದಲ್ಲಿ ಓದಿರುತ್ತೀರಿ, ನಿಜವೇ. ಆದರೂ ಗೋದಾಮಿಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ.